ನೀಲಕ್ಕ ನೋಡಿ ಬಂದ ನಾಟಕ

ನಮ್ಮೂರಿನ ನಾಟಕಗೃಹದಲ್ಲಿ ಹಾಡಿದ ಹಾಡು ಊರು ಬಿಟ್ಟು ಹೋಗುವುದಿಲ್ಲ. ಪರದೆ ಬಿದ್ದು, ಕಂಪನಿಯವರು ಗಂಟುಮೂಟೆ ಕಟ್ಟಿಕೊಂಡು ಹೊರಟ ಮೇಲೂ ಹಾಡುಗಳು ಇಲ್ಲೇ ಉಳಿದುಬಿಡುತ್ತವೆ. ಒಂದು ಯಾರದೋ ಮನೆಯ ನಲ್ಲಿಯಲ್ಲಿ ಸೇರಿಕೊಳ್ಳುತ್ತದೆ, ಇನ್ನೊಂದು ಯಾರದೋ ಕಿಟಕಿಯ ಕೀಲಿನಲ್ಲಿ, ಮತ್ತೊಂದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ. ನಲ್ಲಿ ತಿರುಗಿಸಿದರೆ ನೀರಿನ ಜೊತೆಗೆ ಪಲ್ಲವಿಯೂ ಸುರಿಯುತ್ತದೆ. ಮರುವರ್ಷ ಹೊಸ ನಾಟಕ ಬಂದು ಹೊಸ ಹಾಡುಗಳು ಕಾಲಿಟ್ಟಾಗ ಹಳೆಯವು ಜಾಗ ಖಾಲಿ ಮಾಡಿ ಎಲ್ಲಿಗೋ ಹೊರಟುಹೋಗುತ್ತವೆ. ಅಲ್ಲಿಯವರೆಗೆ ಅವುಗಳ ಜೊತೆಗೇ ನಮ್ಮ ಸಂಸಾರ. ದರ್ಜಿಗಳು ಹೊಲಿಗೆ ಯಂತ್ರದ ತಾಳಕ್ಕೆ ತಕ್ಕಂತೆ ಅಂಗಿ ಹೊಲಿಯುತ್ತಾರೆ. ಹೊಸದಾಗಿ ಮದುವೆಯಾದವರು ಮಂಚ ಕೊಳ್ಳುವ ಮುಂಚೆ ಅಲುಗಾಡಿಸಿ ನೋಡುತ್ತಾರೆ. ಬೇರೆ ಊರಿನವರಿಗೆ ಇದು ತಮಾಷೆ. ನಮಗೆ ಮಳೆ ಬಿಸಿಲಿನಷ್ಟೇ ಸಹಜ.

ಆದ್ದರಿಂದ ಹೊಸ ಸಂಗೀತ ನಾಟಕವೊಂದನ್ನು ನೋಡಬೇಕೋ ಬೇಡವೋ ಎಂಬುದು ನಮ್ಮಲ್ಲಿ ಒಬ್ಬೊಬ್ಬರು ತಮ್ಮ ಪಾಡಿಗೆ ತೀರ್ಮಾನಿಸುವ ಸಂಗತಿಯಲ್ಲ. ವರ್ಷಕ್ಕೆ ಒಂದೇ ಕಂಪನಿಗೆ ಅಪ್ಪಣೆ. ಅದಕ್ಕೂ ಮೊದಲು ಊರಿನವರೊಬ್ಬರು ಆ ಕಂಪನಿ ಬೇರೆ ಕಡೆ ಎಲ್ಲಿ ಡೇರೆ ಹಾಕಿದೆಯೋ ಅಲ್ಲಿಗೆ ಹೋಗಿ, ನಾಟಕ ನೋಡಿ, ಹಾಡು ಕೇಳಿ ಬಂದು ಹೇಳಬೇಕು. ಅವರಿಗೆ ಊರಿನ ಕಿವಿ ಎನ್ನುತ್ತೇವೆ. ಈ ವರ್ಷದ ಕಿವಿ ಮುಂದಿನ ವರ್ಷದ ಕಿವಿಯನ್ನು ಆರಿಸುವುದು ಪದ್ಧತಿ. ಕಿವಿ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ.

ಹಿಂದಿನ ವರ್ಷದ ಕಿವಿ ಪೋಸ್ಟಾಫೀಸಿನ ಗುರುಬಸಪ್ಪನವರು. ಅವರು ನೋಡಿ ಬಂದದ್ದು ‘ಮೂರು ಮಾವಂದಿರ ಮೀಸೆ’ ಎಂಬ ನಗೆನಾಟಕ. ನೋಡುವಾಗ ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡರಂತೆ, ಬಂದವರೇ ಹೂಂ ಎಂದರು. ಎಲ್ಲರೂ ನೋಡಿದೆವು, ಎಲ್ಲರೂ ನಕ್ಕೆವು. ಮರುದಿನ ಹಾಡುಗಳು ಒಂದೊಂದಾಗಿ ಜಾಗ ಹುಡುಕಿಕೊಂಡವು. ಅದರಲ್ಲಿ ‘ಮಾವಾ ನಿಮ್ಮ ಮೀಸಿ ಮ್ಯಾಲೆ ಮೂರು ಗಿಳಿ ಕುಂತಾವ’ ಎಂಬ ಹಾಡು ಪುರಸಭೆಯ ಶವದ ಗಾಡಿಯ ಬ್ರೇಕಿನಲ್ಲಿ ಹೋಗಿ ಕುಳಿತುಬಿಟ್ಟಿತು. ಆ ವರ್ಷ ನಮ್ಮೂರಲ್ಲಿ ಸತ್ತವರೆಲ್ಲ ಮೀಸೆಯ ಹಾಡು ಕೇಳಿಕೊಂಡೇ ಹೋದರು. ಅವರಲ್ಲಿ ನನ್ನ ಅಣ್ಣ ಚನ್ನಮಲ್ಲಪ್ಪನೂ ಒಬ್ಬ.

ಅಣ್ಣ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಬೆಳಿಗ್ಗೆ ಜೋಳದ ಚೀಲ ಎತ್ತಿಟ್ಟವನು ಅದರ ಪಕ್ಕದಲ್ಲೇ ಕುಳಿತ, ಮತ್ತೆ ಏಳಲಿಲ್ಲ. ಗಾಡಿ ಮನೆಯ ಮುಂದೆ ಬಂದು ನಿಂತಾಗ ಬ್ರೇಕು ಹಾಡಿತು. ತಿರುವಿನಲ್ಲಿ ಹಾಡಿತು, ಎಮ್ಮೆ ಅಡ್ಡ ಬಂದಾಗ ಹಾಡಿತು. ಮೊದಲು ಯಾರೋ ಕೆಮ್ಮಿದಂತೆ ಮಾಡಿದರು. ಆಮೇಲೆ ತಡೆಯಲಾಗದೆ ನಾವೆಲ್ಲ ನಕ್ಕೆವು. ನನ್ನ ಅತ್ತಿಗೆ ನೀಲಗಂಗಾ, ಊರಿಗೆಲ್ಲ ನೀಲಕ್ಕ, ಸೆರಗು ಬಾಯಿಗೆ ತುರುಕಿಕೊಂಡು ಭುಜ ಕುಲುಕಿಸಿ ನಕ್ಕಳು. ನಗು ನಿಂತ ಮೇಲೆ ಅಳು ಬರಬೇಕಿತ್ತು, ಬರಲಿಲ್ಲ. ಮೂರನೆಯ ದಿನಕ್ಕೂ ಬರಲಿಲ್ಲ, ತಿಂಗಳಿಗೂ ಬರಲಿಲ್ಲ. ಅವಳು ಗಿರಣಿ ಶುರು ಮಾಡಿ ದಿನವಿಡೀ ಆ ಗದ್ದಲದಲ್ಲೇ ನಿಲ್ಲತೊಡಗಿದಳು. ಆ ಸದ್ದಿನಲ್ಲಿ ಊರಿನ ಯಾವ ಹಾಡೂ ಕೇಳುತ್ತಿರಲಿಲ್ಲ.

ಈ ಸಲ ಕಿವಿಯನ್ನು ಆರಿಸುವ ದಿನ ಗುರುಬಸಪ್ಪನವರು ನೆಟ್ಟಗೆ ಗಿರಣಿಗೆ ಬಂದರು. ಟೋಪಿ ಕೈಯಲ್ಲಿ ಹಿಡಿದು, ಹಿಟ್ಟಿನ ಧೂಳಿನಲ್ಲಿ ಸೀನುತ್ತ, “ನೀಲಕ್ಕಾ, ಈ ವರ್ಷ ನೀವು ಹೋಗಬೇಕ್ರಿ,” ಎಂದರು.

“ನನಗ ನಾಟಕದ್ದು ಏನ್ ತಿಳೀತತ್ರಿ?”

“ನನಗ ತಿಳದು ಏನ್ ಉದ್ಧಾರ ಆತು? ನನ್ನ ಹೂಂಕಾರದಿಂದ ಯಾರಿಗೆ ಹೆಚ್ಚು ತ್ರಾಸಾತೋ ಅವರs ಹೋಗಿ ಬರಲಿ. ನೀವು ಮೋಸ ಹೋಗೂದಿಲ್ಲ.”

ಬೇಡ ಎನ್ನುತ್ತಾಳೆಂದು ನಾನು ಅಂದುಕೊಂಡಿದ್ದೆ. ಆದರೆ ಅವಳು ಕೈಯ ಹಿಟ್ಟು ಒರೆಸಿಕೊಂಡು, “ಯಾವ ನಾಟಕ?” ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳು ಏನನ್ನಾದರೂ ತಾನಾಗಿ ಕೇಳಿದ್ದು ಅದೇ ಮೊದಲು.

ನಾಟಕದ ಹೆಸರು ‘ಹೊಳೆಸಾಲಿನ ಅಂಬಿಗಿತ್ತಿ’. ಮುತ್ತಿನತೋರಣ ನಾಟ್ಯಸಂಘ ಎಂಬ ಹೊಸ ಕಂಪನಿಯದು. ಹೊಳೆಯ ಆಚೆಯ ಊರಿನಲ್ಲಿ ಡೇರೆ ಬಿದ್ದಿತ್ತು. ಆಗಲೇ ಸುದ್ದಿ ನಾನಾ ಬಗೆಯಾಗಿ ಈಜಿಕೊಂಡು ಬಂದಿತ್ತು. ರಂಗದ ಮೇಲೆ ನಿಜವಾದ ದೋಣಿ ತೇಲುತ್ತದಂತೆ, ಅಂಬಿಗಿತ್ತಿಯ ಪಾತ್ರ ಮಾಡುವವಳೇ ಕಂಪನಿಯ ಯಜಮಾನಿಯಂತೆ, ಹಾಡುಗಳಿಗೆ ಸ್ವರ ಹಾಕಿದವಳೂ ಅವಳೇ ಅಂತೆ. ಆ ಹಾಡುಗಳು ನಮ್ಮ ಮನೆಯ ಚಮಚೆಯಲ್ಲೋ ಕದದಲ್ಲೋ ಬಂದು ಕುಳಿತರೆ ಹೇಗಿರಬಹುದು ಎಂದು ಮಾತಾಡುತ್ತಲೇ ಜನ ಅಡುಗೆ ಸೀಯಿಸಿದರು. ಜೊತೆಗೆ ಒಂದು ಅಳುಕಿನ ಸುದ್ದಿಯೂ ಇತ್ತು. ನಾಟಕದ ನಡುವೆ ಒಂದು ಶೋಕದ ಹಾಡು ಇದೆಯಂತೆ. ಈ ಅಳುಕು ಎಲ್ಲರಿಗಿಂತ ಹೆಚ್ಚಾಗಿ ತಟ್ಟಿದ್ದು ಮಹಾರುದ್ರಪ್ಪನವರಿಗೆ. ಊರಿನ ಒಂದೇ ಒಂದು ಮಂಗಲ ಕಾರ್ಯಾಲಯ ಅವರದು. “ಮೀಸಿ ಹಾಡು ಹೆಣದ ಗಾಡ್ಯಾಗ ಕುಂತಿತ್ತು. ಈ ಅಳೂ ಹಾಡು ನನ್ನ ಕಾರ್ಯಾಲಯದಾಗ ಬಂದು ಕುಂತ್ರ ಅಲ್ಲಿ ಲಗ್ನಾ ಮಾಡ್ಕೊಳ್ಳಾಕ ಯಾರ್ ಬರ್ತಾರ?” ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ನೀಲಕ್ಕನ ಜೊತೆಗೆ ನಾನು ಹೋದೆ. ಮಧ್ಯಾಹ್ನದ ಆಟ. ಡೇರೆಯ ಮುಂದೆ ಮಂದಿ ಮಂಡಕ್ಕಿ ಮೆಲ್ಲುತ್ತ ನಿಂತಿದ್ದರು, ಒಳಗೆ ತಬಲಾದವನು ಸುತ್ತಿಗೆಯಿಂದ ಸ್ವರ ಕೂಡಿಸುತ್ತಿದ್ದ. ಆ ಟಣ್ ಟಣ್ ಕೇಳಿದ ಕೂಡಲೇ ನಾನು ಮಂದಿಯನ್ನು ಸರಿಸಿಕೊಂಡು ಒಳಗೆ ನುಗ್ಗಿದೆ. ನೀಲಕ್ಕ ಮುಖ ಬಿಗಿಹಿಡಿದು ಎರಡನೆಯ ಸಾಲಿನಲ್ಲಿ ಕುಳಿತಳು. ಪರದೆ ಎದ್ದಿತು. ನೀಲಿ ಬಟ್ಟೆಯನ್ನು ಆ ತುದಿ ಈ ತುದಿ ಹಿಡಿದು ಅಲುಗಿಸಿ ಹೊಳೆ ಮಾಡಿದ್ದರು. ಅದರ ನಡುವೆ, ಚಕ್ರ ಕಾಣದಂತೆ ತಗ್ಗಿನಲ್ಲಿ ಉರುಳುತ್ತ, ಒಂದು ನಿಜವಾದ ದೋಣಿ ಬಂತು. ಹುಟ್ಟು ಹಿಡಿದು ನಿಂತ ಅಂಬಿಗಿತ್ತಿ ಬಾಯಿ ತೆರೆದಳು ನೋಡಿ, ಹಿಂದಿನ ಸಾಲಿನಲ್ಲಿ ಅಳುತ್ತಿದ್ದ ಕೂಸು ಸುಮ್ಮನಾಯಿತು.

ಹಾಡುಗಳ ಮೇಲೆ ಹಾಡು. ದೋಣಿಯಲ್ಲಿ ಹೋಗುವ ಬಳೆಗಾರನೊಬ್ಬ ಬಳೆಯ ಬಣ್ಣಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹಾಡಿದ. ಮೀನು ಮಾರುವವಳು ಮತ್ತು ಮೀನು ತಿನ್ನದ ಶಾಸ್ತ್ರಿಗಳು ಒಂದೇ ದೋಣಿಯಲ್ಲಿ ಸಿಕ್ಕಿಬಿದ್ದು ಸವಾಲು ಜವಾಬಿನಲ್ಲಿ ಜಗಳವಾಡಿದರು. ನೀಲಕ್ಕನ ಹೆಬ್ಬೆರಳು ತಾಳ ಹಾಕುವುದನ್ನು ನಾನು ಕಳ್ಳಗಣ್ಣಿನಿಂದ ನೋಡಿದೆ. ಸ್ವಲ್ಪ ಹೊತ್ತಿಗೆ ಅವಳು ಚಪ್ಪಾಳೆ ಹೊಡೆದಳು. ಆಮೇಲೆ ನನ್ನ ಕಡೆ ಬಾಗಿ, “ಈರಣ್ಣಾ, ಆ ಜಗಳದ ಹಾಡು ನಮ್ಮ ಓಣ್ಯಾಗ ಬಂದ್ರ ಜಗಳಾ ಆಡೋರಿಗೂ ಒಂದು ತಾಳ ಬರ್ತತಿ ನೋಡು,” ಎಂದಳು. ಅವಳ ಕಣ್ಣುಗಳು ಹೊಳೆಯುತ್ತಿದ್ದವು.

ಆಗ ಹೊಳೆಗೆ ಮಹಾಪೂರ ಬಂತು. ಅಂಬಿಗಿತ್ತಿಯ ಗಂಡ ಪೂರದಲ್ಲಿ ಸಿಕ್ಕವರನ್ನು ಕರೆತರಲು ಹೋಗಿ ಮರಳಲಿಲ್ಲ. ಬೆಳಕು ತಗ್ಗಿತು, ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತು. ಅವಳು ಖಾಲಿ ದೋಣಿಯಲ್ಲಿ ನಿಂತು ಹಾಡಿದಳು.

“ಯಾವ ದಂಡಿಗೆ ಹಾಕಲಿ ಹುಟ್ಟು, ಯಾವ ದಂಡ್ಯಾಗ ಇದ್ದಿ ನೀನು,
ಕೂಗಿದ್ರ ನನ್ನ ದನೀನs ತಿರುಗಿ ಬರತೈತಿ...”

ನನ್ನ ಪಕ್ಕದಲ್ಲಿ ಕುರ್ಚಿ ಕಿರ್ ಎಂದಿತು. ನೋಡಿದರೆ ನೀಲಕ್ಕ ಎದ್ದಿದ್ದಾಳೆ. ಮಂದಿಯ ಮೊಣಕಾಲು ತುಳಿಯುತ್ತ, ಸೆರಗು ಎಳೆದುಕೊಳ್ಳುತ್ತ ಹೊರಗೆ ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಸೋಡಾ ಗಾಡಿಯ ಹತ್ತಿರ ನಿಂತಿದ್ದಳು. “ನಡಿ ಮನಿಗೆ,” ಎಂದಳು, ಅಷ್ಟೇ.

ಊರ ಬಾಗಿಲಲ್ಲಿ ಅರ್ಧ ಊರು ಕಾದಿತ್ತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ನೋಡೂವಂಥಾದ್ದು ಐತೇನ್ರಿ?” ನೀಲಕ್ಕ ಅಲ್ಲೇ ಕಟ್ಟೆಯ ಮೇಲೆ ಕುಳಿತು ಇದ್ದದ್ದನ್ನು ಇದ್ದಂತೆ ಹೇಳಿದಳು. ದೋಣಿ, ಬಳೆಗಾರ, ಜಗಳದ ಹಾಡು ಎಲ್ಲವನ್ನೂ ಹೇಳುವಾಗ ಜನ ಅವಳ ಬಾಯಿಯನ್ನೇ ನೋಡುತ್ತ ಕುಣಿಯುವುದೊಂದು ಬಾಕಿ. ಕಡೆಗೆ, “ಒಂದು ಹಾಡಿನ ನಡುವ ನಾ ಎದ್ದು ಬಂದೆ. ಮುಂದ ಏನೈತೋ ನನಗ ಗೊತ್ತಿಲ್ಲ,” ಎಂದಳು.

“ಅಂದ್ರ ಉತ್ತರ ಸಿಕ್ಕಂಗs ಆತಲ್ಲ,” ಎಂದರು ಮಹಾರುದ್ರಪ್ಪ. “ಒಂದು ಸಲ ಕೇಳಾಕ ಆಗದ ಹಾಡನ್ನ ವರ್ಷಾನಗಟ್ಲೆ ಹೆಂಗ ಇಟ್ಕೊಳ್ಳೂದು?”

“ಅದೊಂದು ಹಾಡು ತಗಸ್ರಿ, ಉಳಿದದ್ದು ಬರಲಿ,” ಎಂದು ಹಿಂದಿನಿಂದ ಯಾರೋ ಕೂಗಿದರು. ಅದು ಎಲ್ಲರಿಗೂ ಹಿಡಿಸಿತು. ಅಷ್ಟು ಚೆಂದದ ಜಗಳದ ಹಾಡನ್ನು ಬಿಟ್ಟುಕೊಡಲು ಯಾರಿಗೂ ಮನಸ್ಸಿರಲಿಲ್ಲ. ಆಗಲೇ ಒಬ್ಬರು ಕಂಪನಿಗೆ ಹೇಳಿ ಕಳಿಸಲು ಹೊರಟೂಬಿಟ್ಟರು. ನೀಲಕ್ಕ ಮಾತ್ರ, “ನಾ ಇನ್ನೂ ಹೂಂ ಅಂದಿಲ್ಲ, ಊಹೂಂನೂ ಅಂದಿಲ್ಲ. ನಾಳಿ ಹೇಳ್ತೀನಿ,” ಎಂದು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಗಿರಣಿ ಭರದಿಂದ ತಿರುಗುತ್ತಿದ್ದಾಗ ಬಾಗಿಲಲ್ಲಿ ಒಂದು ಮೋಟಾರ್‌ಸೈಕಲ್ ನಿಂತಿತು. ಹಿಂದೆ ಕುಳಿತಿದ್ದ ಹೆಂಗಸು ಇಳಿದು ಒಳಗೆ ಬಂದಳು. ನಲವತ್ತು ದಾಟಿದ, ಎತ್ತರದ ಹೆಣ್ಣು. ಕಿವಿಯ ಹಿಂದೆ ನಿನ್ನೆಯ ಬಣ್ಣ ಇನ್ನೂ ಬಿಳಿಯಾಗಿ ಅಂಟಿತ್ತು. ರಂಗದ ಮೇಲೆ ಕಂಡಿದ್ದ ಹುಟ್ಟು ಕೈಯಲ್ಲಿರಲಿಲ್ಲ ಎಂಬುದನ್ನು ಬಿಟ್ಟರೆ ಅದೇ ಅಂಬಿಗಿತ್ತಿ. ಹೆಸರು ಜುಲೇಖಾ. ಗಿರಣಿಯ ಸದ್ದಿನಲ್ಲಿ ಅವಳು ಏನೋ ಕೂಗಿದಳು, ಕೇಳಲಿಲ್ಲ. ನೀಲಕ್ಕ ಗಿರಣಿ ಬಂದ್ ಮಾಡಿದಳು. ಕಲ್ಲು ತಿರುಗಿ ತಿರುಗಿ ನಿಲ್ಲುವವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

“ನಿನ್ನಿ ನನ್ನ ಹಾಡಿನ ನಡುವ ಎದ್ದು ಹೋದವರು ನೀವೇನು?”

“ಹೌದು.”

“ಯಾಕ ಅಂತ ಕೇಳಾಕ ಬಂದೀನಿ. ಜಗಳಕ್ಕಲ್ಲ. ಆ ಹಾಡಿಗೆ ಮಂದಿ ಅಳ್ತಾರ, ಮೂಗು ಒರಸ್ಕೋತಾರ, ಸೋಡಾ ಮಾರೋರು ಸುದ್ದಾ ನಿಂತು ಕೇಳ್ತಾರ. ಎದ್ದು ಹೋದವರನ್ನ ನಾ ನೋಡಿದ್ದು ಇದೇ ಮೊದಲು.”

ನೀಲಕ್ಕ ಹೇಳಿದಳು. ಚೀಲದ ಪಕ್ಕದಲ್ಲಿ ಕುಳಿತ ಗಂಡನ ವಿಷಯ, ಗಾಡಿಯ ವಿಷಯ, ತಾನು ನಕ್ಕದ್ದು, ಆಮೇಲೆ ಬಾರದೇ ಹೋದ ಅಳು. “ನಿಮ್ಮ ಹಾಡು ಶುರು ಆದ ಕೂಡ್ಲೆ ಇಲ್ಲಿ ಬಂತು,” ಎಂದು ಗಂಟಲಿನ ಕೆಳಗೆ ಕೈ ಇಟ್ಟು ತೋರಿಸಿದಳು. “ಬಂದ್ರ ನಿಲ್ಲೂದಿಲ್ಲೇನೋ ಅಂತ ಹೆದರಿಕಿ ಆತು. ಎದ್ದೆ.”

ಜುಲೇಖಾ ಮೀಸೆಯ ಹಾಡಿನ ವಿಷಯಕ್ಕೆ ನಗಲಿಲ್ಲ. “ಗಾಡಿ ಹಾಡಿದ್ದು ನಿಮ್ಮ ಯಜಮಾನ್ರು ಕೇಳಿದ್ರ ಏನ್ ಮಾಡ್ತಿದ್ರು?” ಎಂದಳು.

“ಅವರs ಎಲ್ಲಾರಕಿಂತ ಮೊದಲು ನಗ್ತಿದ್ರು.”

ಆಮೇಲೆ ಜುಲೇಖಾ ಸೆರಗಿನ ಹಿಟ್ಟು ಕೊಡವಿಕೊಳ್ಳುತ್ತ, “ನಿಮ್ಮ ಊರವರು ಹೇಳಿ ಕಳಿಸ್ಯಾರ, ಆ ಹಾಡು ತಗದ್ರ ಬರ್ರಿ ಅಂತ. ತಗದುಬಿಡ್ತೀನಿ. ನನ್ನ ಬೆನ್ನ ಹಿಂದೂ ಒಂದಿಷ್ಟು ಹೊಟ್ಟಿ ಅದಾವ,” ಎಂದಳು.

“ತಗದ್ರ ನಾಟಕ ನಿಲ್ತತೇನು?”

“ನಿಲ್ತತಿ. ಮುಂದಿನ ಹಲ್ಲು ಬಿದ್ದ ಬಾಯಿ ನಕ್ಕಂಗ ಇರ್ತತಿ.”

ನೀಲಕ್ಕ ಯೋಚನೆ ಮಾಡಿದಳು. “ಇಲ್ಲೇ ಹಾಡ್ರಿ. ಇಲ್ಲಿ ಹಾಡಿದ್ರ ಊರಾಗ ಉಳಿಯೂದಿಲ್ಲ, ನಾಟಕಗೃಹದಾಗ ಹಾಡಿದ್ರ ಅಷ್ಟ ಉಳೀತತಿ. ನಾ ಪೂರ್ತಿ ಕೇಳ್ತೀನಿ.”

“ಒಬ್ಬಾಕಿ ಹಾಡೂ ಹಾಡಲ್ಲ ಅದು. ಆ ದಂಡಿಯಿಂದ ಉತ್ತರಾ ಕೊಡೋ ಮಂದಿ ಬೇಕು.”

“ಉತ್ತರಾ? ಅದಕ್ಕ ಉತ್ತರಾ ಐತಿ?”

“ನೀವು ಉತ್ತರಾ ಬರೂಕಿಂತ ಮೊದಲs ಎದ್ರಿ,” ಎಂದಳು ಜುಲೇಖಾ. “ಇವತ್ತು ಮಧ್ಯಾಹ್ನ ಅಲ್ಲಿ ಕಡೀ ಆಟ. ಅದು ಮುಗದ್ರ ಡೇರೆ ಬಿಚ್ಚತೀವಿ. ನಿಮ್ಮೂರು ಬ್ಯಾಡ ಅಂದ್ರ ನಮ್ಮ ದಾರಿ ಬ್ಯಾರೆ.” ಮೋಟಾರ್‌ಸೈಕಲ್ ಹೊರಟುಹೋಯಿತು.

ಮಧ್ಯಾಹ್ನದ ಹೊತ್ತಿನವರೆಗೆ ನೀಲಕ್ಕ ಹಿಟ್ಟು ಬೀಸುತ್ತಲೇ ಇದ್ದಳು. ಆಮೇಲೆ ಒಮ್ಮೆಲೇ ಅವಳು ಗಿರಣಿಯ ಬಾಗಿಲಿಗೆ ಬೀಗ ಹಾಕಿದ್ದು ನನಗೆ ಕಂಡಿತು, ಚಪ್ಪಲಿ ಮೆಟ್ಟಿದ್ದು ಕಾಣಲಿಲ್ಲ. ಅಷ್ಟು ಅವಸರ. ನನ್ನ ಸ್ಕೂಟರು ಹೊಳೆಯ ದಾರಿಯ ಅರ್ಧಕ್ಕೇ ಉಸಿರು ಬಿಟ್ಟಿತು. ಅವಳು ರಸ್ತೆಯ ನಡುವೆ ಎರಡೂ ಕೈ ಚಾಚಿ ನಿಂತು, ಬರುತ್ತಿದ್ದ ಟಂಟಂ ಆಟೊ ಒಂದನ್ನು ತಡೆದಳು. ಒಳಗೆ ತುಂಬ ಕಲ್ಲಂಗಡಿ ಹಣ್ಣು. “ಕೂಡಾಕ ಜಾಗಾ ಇಲ್ಲಬೇ,” ಎಂದ ಚಾಲಕ. “ಹಣ್ಣಿನ ಮ್ಯಾಲೆ ಕೂಡ್ತೀವಿ,” ಎಂದು ಅವಳು ಹತ್ತಿಯೇಬಿಟ್ಟಳು. ಸೇತುವೆಯ ಪ್ರತಿ ಗುಂಡಿಗೂ ನಾವು ಹಣ್ಣುಗಳ ಜೊತೆ ಹಾರಿ ಹಾರಿ ಬಿದ್ದೆವು. ಚಾಲಕನಿಗೆ ವಿಷಯ ಗೊತ್ತಾದ ಮೇಲೆ ಅವನೂ ನಮ್ಮಷ್ಟೇ ಅವಸರ ಮಾಡಿದ. “ನಮ್ಮ ಅತ್ತೀ ಮನಿ ನಿಮ್ಮೂರಾಗs ಐತ್ರಿ. ಅವರ ಬಚ್ಚಲದಾಗ ಮ್ಯಾಲಿಂದ ಮ್ಯಾಲೆ ಕೆಟ್ಟ ಹಾಡs ಬರ್ತಾವು. ಈ ಸಲ ಚಲೋದು ತರ್ರಿ,” ಎಂದ.

ನಾವು ಡೇರೆಗೆ ನುಗ್ಗಿದಾಗ ಮೀನಿನ ಜಗಳ ಮುಗಿದು ಹೊಳೆಯಲ್ಲಿ ನೀರು ಏರುತ್ತಿತ್ತು. ಕುರ್ಚಿ ಇರಲಿಲ್ಲ. ಹಿಂದೆ ಕಂಬ ಹಿಡಿದು ನಿಂತೆವು. ಬೆಳಕು ತಗ್ಗಿತು. ಜುಲೇಖಾ ದೋಣಿಯಲ್ಲಿ ನಿಂತು ಹಾಡು ಎತ್ತಿದಳು. ನೀಲಕ್ಕ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ನಿನ್ನೆ ಎದ್ದುಹೋದ ಸಾಲು ಬಂತು, ದಾಟಿತು. ಅವಳ ಮುಖ ಸುಕ್ಕುಗಟ್ಟಿ, ಬಾಯಿ ಓರೆಯಾಗಿ, ಅಳು ಬಂತು. ಸದ್ದು ಮಾಡಿಯೇ ಅತ್ತಳು. ಮುಂದಿನವರು ತಿರುಗಿ ನೋಡಿದರು, ನಾನು ಅವರನ್ನು ಕಣ್ಣಿನಿಂದಲೇ ಸುಮ್ಮನಿರಿಸಿದೆ. ಹಾರ್ಮೋನಿಯಂ ಹಿಡಿದಿದ್ದ ಒಂದು ಸ್ವರ ಎಷ್ಟೋ ಹೊತ್ತು ಹಾಗೆಯೇ ನಿಂತಿತ್ತು.

ಆಗ, ರಂಗದ ಆ ಮೂಲೆಯ ಕತ್ತಲೆಯಿಂದ, ಹಿಂದಿನ ದಿನ ನಾವು ಕೇಳದೇ ಹೋಗಿದ್ದ ಉತ್ತರ ಬಂತು. ಮೊದಲು ಒಂದೇ ಗಂಡು ದನಿ. ಅದರ ಹಿಂದೆ ಎರಡು, ಆಮೇಲೆ ಹತ್ತಾರು.

“ಹಾಕs ಹುಟ್ಟು, ಹಾಕs ಹುಟ್ಟು, ಈ ದಂಡೀನೂ ನಮ್ದು, ಆ ದಂಡೀನೂ ನಮ್ದು,
ನಡುವಿನ ನೀರೂ ನಮ್ದs ಅವ್ವಾ, ಹಾಕs ಹುಟ್ಟು...”

ಪೂರದಲ್ಲಿ ಅವಳ ಗಂಡ ಉಳಿಸಿದ್ದ ಮಂದಿ ಅವರು. ಆಚೆಯ ದಂಡೆಯಲ್ಲಿ ಸಿಕ್ಕಿಕೊಂಡು ದೋಣಿಗಾಗಿ ಕಾದಿದ್ದರು. ಅವಳು ಹೋಗದೆ ಅವರಿಗೆ ದಾರಿಯಿಲ್ಲ. ತಬಲಾ ಮೆಲ್ಲಗೆ ಹುಟ್ಟಿನ ಲಯ ಹಿಡಿಯಿತು, ಆಮೇಲೆ ಬಿರುಸಾಯಿತು. ಜುಲೇಖಾ ಬಾಗಿ ನೀರಿಗೆ ಹುಟ್ಟು ಹಾಕಿದಳು. ಅದೇ ರಾಗ, ಅದೇ ಸ್ವರಗಳು, ಅಷ್ಟೇ ದುಃಖ. ಆದರೆ ಈಗ ಅದು ಮುಂದಕ್ಕೆ ಸಾಗುತ್ತಿತ್ತು. ಡೇರೆಯಲ್ಲಿ ಒಬ್ಬೊಬ್ಬರ ಭುಜವಾಗಿ ಅಲುಗಾಡತೊಡಗಿತು. ನೋಡುತ್ತ ನೋಡುತ್ತ ಸಾಲು ಸಾಲೇ ಹುಟ್ಟು ಹಾಕುತ್ತಿತ್ತು. ನೀಲಕ್ಕ ಕಂಬ ಬಿಟ್ಟಳು. ಮೂಗು ಸುರಿಯುತ್ತಿತ್ತು, ಕಣ್ಣು ಸುರಿಯುತ್ತಿತ್ತು, ಎರಡೂ ತೋಳು ಬೀಸುತ್ತಿದ್ದಳು. ಮುಂದಿದ್ದ ಗಂಡಸಿನ ಪೇಟ ಅವಳ ಕೈ ತಾಗಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳದೆ ತಾನೂ ಹುಟ್ಟು ಹಾಕುತ್ತಲೇ ಇದ್ದ.

ನಾವು ಮರಳಿ ಊರ ಬಾಗಿಲು ಮುಟ್ಟುವಾಗ ಬಿಸಿಲು ಇಳಿದಿತ್ತು. ಈಗ ಅರ್ಧ ಊರಲ್ಲ, ಇಡೀ ಊರೇ ನಿಂತಿತ್ತು. ಕೇಳುವುದಕ್ಕೆ ಮುಂಚೆಯೇ ಅವಳ ಮುಖ ನೋಡಿ ಕೆಲವರು ಶಿಳ್ಳೆ ಹೊಡೆದರು.

“ನೋಡೂವಂಥಾದ್ದು ಐತಿ,” ಎಂದಳು ನೀಲಕ್ಕ. “ಪೂರ್ತಿ ನೋಡೂವಂಥಾದ್ದು. ಒಂದು ಹಾಡನ್ನೂ ತಗ್ಯಾಂಗಿಲ್ಲ. ತಗದ್ರ ನನ್ನ ಉತ್ತರಾ ಊಹೂಂ.”

“ಶೋಕದ ಹಾಡು?” ಎಂದರು ಮಹಾರುದ್ರಪ್ಪ.

“ಅದs ಮೊದಲು ಬೇಕು.”

“ನಾ ಅಂತೂ ನೋಡಾಕ ಬರೂದಿಲ್ಲ ನೀಲಕ್ಕ.”

“ಬರಬ್ಯಾಡ್ರಿ. ನಿಮ್ಮ ಜಾಗಾದಾಗ ಇನ್ನೊಬ್ಬರು ಕೂಡ್ತಾರ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅವರು ತಲೆ ತಗ್ಗಿಸಿದರು. ಕಿವಿಯ ಮಾತನ್ನು ಮೀರುವ ಪದ್ಧತಿ ನಮ್ಮಲ್ಲಿಲ್ಲ.

ಕಂಪನಿ ಬಂತು. ದೋಣಿ ಲಾರಿಯ ಮೇಲೆ ಪೇಟೆಯ ನಡುವೆ ಸಾಗಿದಾಗ ಮಕ್ಕಳು ಅದರ ಹಿಂದೆ ಈಜುವವರಂತೆ ಕೈ ಬೀಸಿಕೊಂಡು ಓಡಿದರು. ಮೊದಲ ಆಟಕ್ಕೆ ನಾಟಕಗೃಹದ ಕಿಟಕಿಗಳಲ್ಲೂ ಜನ. ಮಹಾರುದ್ರಪ್ಪ ಬಂದಿದ್ದರು. ಕಟ್ಟಕಡೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ. ಉತ್ತರ ಬಂದಾಗ ಅವರು ಹುಟ್ಟು ಹಾಕಿದರೋ ಇಲ್ಲವೋ ನನಗೆ ಕಾಣಲಿಲ್ಲ. ಕಂಬವಂತೂ ಅಲುಗುತ್ತಿತ್ತು.

ಆಟದ ಮರುದಿನದ ಬೆಳಗು ನಮ್ಮೂರಿನಲ್ಲಿ ಹಬ್ಬವಿದ್ದ ಹಾಗೆ. ಎಲ್ಲರೂ ಎಲ್ಲವನ್ನೂ ತೆರೆದು ನೋಡುತ್ತಾರೆ. ನಲ್ಲಿ, ಪೆಟ್ಟಿಗೆ, ಉಪ್ಪಿನ ಜಾಡಿ, ಛತ್ರಿ. ಬಳೆಗಾರನ ಹಾಡು ಶಾಲೆಯ ಗಂಟೆಗೆ ಹೋಗಿತ್ತು. ಜಗಳದ ಹಾಡು ನ್ಯಾಯಾಲಯದ ಬಾಗಿಲಿಗೆ. ಅಲ್ಲಿ ಅದನ್ನು ಕೇಳಲು ಬೆಳಿಗ್ಗೆಯೇ ಸಾಲು ನಿಂತಿತು. ನೀಲಕ್ಕ ನೀರು ತುಂಬಲೆಂದು ತಾಮ್ರದ ಕೊಡದ ಮುಚ್ಚಳ ತೆಗೆದಳು. ‘ಯಾವ ದಂಡಿಗೆ ಹಾಕಲಿ ಹುಟ್ಟು’ ಎಂದು ಕೊಡ ಹಾಡಿತು. ಅವಳು ಮೆಟ್ಟಿಲ ಮೇಲೆ ಕುಳಿತು ಕೇಳಿದಳು. ಹಾಡು ನಡುವಿಗೆ ಬಂತು, ನಿಂತಿತು. ಉತ್ತರ ಬರಲಿಲ್ಲ. ಮತ್ತೆ ಮುಚ್ಚಿ ತೆರೆದಳು. ಅಷ್ಟೇ. ಈ ದಂಡೆ ಅವಳ ಮನೆಯಲ್ಲಿತ್ತು, ಆ ದಂಡೆ ಎಲ್ಲೋ ಕಳೆದುಹೋಗಿತ್ತು.

ಊರೆಲ್ಲ ಹುಡುಕಿತು. ಬಾವಿಯ ರಾಟೆ, ಬಸ್ಸಿನ ಹಾರ್ನು, ದೇವರ ಗಂಟೆ, ಕುಲುಮೆಯ ತಿದಿ, ಎಲ್ಲಿಯೂ ಇಲ್ಲ. “ಹಿಂಗs ಅರ್ಧಾ ಇದ್ರೂ ನಡೀತತಿ,” ಎಂದು ನೀಲಕ್ಕ ನನಗೆ ಹೇಳಿದಳು. ಹೇಳುವಾಗ ಬಾಗಿಲ ಕಡೆಗೇ ಕಿವಿ ಇತ್ತು.

ಒಂದು ದಿನ ಮಹಾರುದ್ರಪ್ಪ ಗಿರಣಿಗೆ ಓಡುತ್ತಲೇ ಬಂದರು. ಪಂಚೆಗೆ ಅರಿಶಿಣದ ಕಲೆ, ಹಣೆಯಲ್ಲಿ ಬೆವರು. ಈ ಸಾಲಿನ ಮೊದಲ ಮದುವೆ ಅಂದು ಅವರ ಕಾರ್ಯಾಲಯದಲ್ಲಿ. ಅಷ್ಟು ದಿನ ಬೀಗ ಹಾಕಿದ್ದ ಅಡಿಗೆಮನೆ ತೆರೆದು ದೊಡ್ಡ ಹಂಡೆಯನ್ನು ಒಲೆಗೆ ಏರಿಸಿದ್ದರಂತೆ. ನೀರು ಕಾದ ಕೂಡಲೇ ಹಂಡೆ ‘ಹಾಕs ಹುಟ್ಟು’ ಎಂದು ಶುರು ಮಾಡಿದೆ. ಅಡಿಗೆಯವರು ಸೌಟಿನಲ್ಲೇ ಹುಟ್ಟು ಹಾಕುತ್ತಿದ್ದಾರೆ, ಬೀಗರು ಪಂಕ್ತಿ ಬಿಟ್ಟು ಅಡಿಗೆಮನೆಗೆ ನುಗ್ಗಿದ್ದಾರೆ.

“ಚಲೋನs ಆತಲ್ಲ,” ಎಂದಳು ನೀಲಕ್ಕ.

“ಆತು. ಆದ್ರ ಮದುಮಗಳು ಹಟಾ ಹಿಡದಾಳ. ಮೊದಲಿನ ಅರ್ಧಾ ಇಲ್ಲದ ಇದು ಬರೇ ಗದ್ದಲಾ ಆಗತೈತಿ ಅಂತಾಳ. ಪೂರ್ತಿ ಹಾಡು ಕೇಳಿದ ಮ್ಯಾಲೇ ಮಾಲಿ ಹಾಕ್ತೀನಿ ಅಂತಾಳ.” ಅವರು ಪಂಚೆಯ ತುದಿಯಿಂದ ಹಣೆ ಒರೆಸಿಕೊಂಡರು. “ಕೊಡಾ ಬೇಕಾಗೇತಿ.”

“ಈರಣ್ಣನ ಕೈಲೆ ಕಳಿಸ್ತೀನಿ.”

ಅಣ್ಣ ಹೋದಂದಿನಿಂದ ನಮ್ಮ ಮನೆಗೆ ಬಂದ ಮದುವೆಯ ಕರೆಗಳೆಲ್ಲ ನನ್ನ ಹೆಸರಿಗೇ ಬಂದಿದ್ದವು. ಕರೆಯಲು ಬಂದವರು ಅವಳು ಒಳಗೆ ಇದ್ದಾಳೆಂದು ಗೊತ್ತಿದ್ದೂ ಹೊರಗೇ ಮಾತಾಡಿಸಿ ಹೋಗಿದ್ದರು. ಅವಳು ಅದರ ಬಗ್ಗೆ ಒಂದು ಸಲವೂ ಏನೂ ಅಂದಿರಲಿಲ್ಲ. ಮಹಾರುದ್ರಪ್ಪನವರಿಗೂ ಇದೆಲ್ಲ ಗೊತ್ತಿತ್ತು. ಅವರು ನನ್ನನ್ನು ನೋಡಿದರು, ನಿಂತ ಗಿರಣಿಯನ್ನು ನೋಡಿದರು, ಕಡೆಗೆ ಅವಳ ಮುಖ ನೋಡಿ ಹೇಳಿದರು: “ನೀವs ತರಬೇಕು ನೀಲಕ್ಕ. ಕರಿಯಾಕ ನಾನs ಬಂದೀನಿ.”

ಅವಳು ಗಿರಣಿಯ ಹಿಂದಿನ ಮನೆಯ ಒಳಗೆ ಹೋದಳು. ಹೊರಬಂದಾಗ ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ಕಂಕುಳಲ್ಲಿ ಕೊಡ. ಕಾರ್ಯಾಲಯದ ಹತ್ತಿರ ಬಂದಾಗ ಮಹಾರುದ್ರಪ್ಪ ಅಭ್ಯಾಸಬಲದಿಂದ ಹಿಂದಿನ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ನೀಲಕ್ಕ ತಿರುಗಲಿಲ್ಲ. ತೋರಣ ಕಟ್ಟಿದ ಮುಂಬಾಗಿಲಿಗೆ ನಡೆದಳು. ಅಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಒಂದು ಗಳಿಗೆ ತನ್ನ ಕೈ ತಡೆದಳು. ಆಮೇಲೆ ಎಲ್ಲರಿಗೂ ಚಿಮುಕಿಸಿದಂತೆ ಅವಳಿಗೂ ಚಿಮುಕಿಸಿದಳು, ಸ್ವಲ್ಪ ಹೆಚ್ಚೇ. ವಾಲಗದವರು ಊದುವುದು ನಿಲ್ಲಿಸಿದರು.

ತುಂಬಿದ ಸಭೆಯ ನಟ್ಟನಡುವೆ ನಿಂತು ನೀಲಕ್ಕ ಮುಚ್ಚಳ ತೆಗೆದಳು. ಕೊಡ ಹಾಡಿತು. ಅಕ್ಷತೆ ಹಿಡಿದ ಕೈಗಳು ಹಾಗೆಯೇ ನಿಂತವು. ಮದುವೆಮನೆಯಲ್ಲಿ ಯಾರೂ ಕೇಳಬಾರದೆಂದು ಊರೆಲ್ಲ ಹೆದರಿದ್ದ ಹಾಡು ಕಡೆಯ ಸ್ವರದವರೆಗೆ ಬಂದು ನಿಂತಿತು. ಅಡಿಗೆಮನೆಯ ಕಡೆಯಿಂದ ಹಂಡೆ ಉತ್ತರ ಕೊಟ್ಟಿತು. ಮಾಲೆ ಹಿಡಿದ ಎರಡೂ ಕೈಯಿಂದ ಮೊದಲು ಹುಟ್ಟು ಹಾಕಿದವಳು ಮದುಮಗಳು. “ಹಾಕs ತಂಗಿ, ಜೋರಾಗಿ ಹಾಕು,” ಎಂದಳು ನೀಲಕ್ಕ.